ಆಕ್ಟೇವ್‌ನಲ್ಲಿ ಫಂಕ್ಷನ್ ಮತ್ತು ನ್ಯೂಮರಿಕಲ್ ಮೆಥಡ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಜಿನಿಯರಿಂಗ್ ಹುಡುಗರು, ಎಂ.ಎಸ್ಸಿ ಓದುವವರು, ಲ್ಯಾಬ್ ನಡೆಸುವ ಮೇಷ್ಟ್ರುಗಳು, ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ ಮತ್ತೆ ಲೆಕ್ಕಕ್ಕೆ ಕೈ ಹಾಕಿದವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಉದಾಹರಣೆಗಳು ಗ್ನೂ ಆಕ್ಟೇವ್ ಅನ್ನುವ, ಲೆಕ್ಕ ಮಾಡುವ ಉಚಿತ ಸಾಫ್ಟ್‌ವೇರ್‌ನವು. ದುಡ್ಡು ಕೊಟ್ಟು ಕೊಳ್ಳಬೇಕಾದ ಮ್ಯಾಟ್‌ಲ್ಯಾಬ್‌ನಲ್ಲೂ ಬಹುತೇಕ ಹಾಗೇ ನಡೆಯುತ್ತವೆ. ಕಮಾಂಡ್‌ಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

## ಈಗಷ್ಟೇ ಶುರು ಮಾಡಿದವರಿಗೆ

ಸರ್, ಮ್ಯಾಟ್‌ಲ್ಯಾಬ್ ಕೊಳ್ಳೋಕೆ ದುಡ್ಡಿಲ್ಲ. ಆಕ್ಟೇವ್ ಕಲಿತರೆ ಸಾಕಾ?

ನ್ಯೂಮರಿಕಲ್ ಮೆಥಡ್ಸ್, ಅಂದರೆ ಸಂಖ್ಯೆ ಹಾಕಿ ಅಂದಾಜು ಉತ್ತರ ಹಿಡಿಯುವ ವಿಧಾನಗಳನ್ನು ಕಲಿಯುವುದಕ್ಕೆ ಧಾರಾಳವಾಗಿ ಸಾಕು. ಇದು ಹುಟ್ಟಿದ್ದೇ ವಿದ್ಯಾರ್ಥಿಗಳಿಗಾಗಿ. ಅಮೆರಿಕದಲ್ಲಿ ಕೆಮಿಕಲ್ ರಿಯಾಕ್ಟರ್ ವಿನ್ಯಾಸದ ಪಠ್ಯಪುಸ್ತಕ ಬರೆಯುತ್ತಿದ್ದ ಪ್ರೊಫೆಸರ್‌ಗಳು ಅದರ ಜೊತೆಗೆ ಬಳಸಲು ಒಂದು ಸಾಫ್ಟ್‌ವೇರ್ ಇರಲಿ ಅಂತ ಯೋಚಿಸಿದರು. ಜಾನ್ ಈಟನ್ 1992ರಲ್ಲಿ ಪೂರ್ತಿಯಾಗಿ ಕೂತು ಬರೆಯಲು ಶುರು ಮಾಡಿದರು, 1994ರಲ್ಲಿ 1.0 ಆವೃತ್ತಿ ಬಂತು. ಆಕ್ಟೇವ್ ಅನ್ನುವುದು ಸಂಗೀತದ ಹೆಸರಲ್ಲ, ಈಟನ್ ಅವರ ಮೇಷ್ಟ್ರ ಹೆಸರು. ಆಕ್ಟೇವ್ ಲೆವೆನ್‌ಸ್ಪೀಲ್ ಅಂತ. ಕೈಗೆ ಸಿಕ್ಕ ಕಾಗದದ ಮೇಲೆ ಅಂದಾಜು ಲೆಕ್ಕ ಹಾಕುವುದರಲ್ಲಿ ಅವರು ಹೆಸರುವಾಸಿ. ಆ ಅಂದಾಜು ಲೆಕ್ಕದ ಅಭ್ಯಾಸ ನಿಮಗೂ ಇರಬೇಕು, ಯಾಕೆಂದರೆ ಈ ಸಾಫ್ಟ್‌ವೇರ್ ಏನು ಕೇಳಿದರೂ ಒಂದು ಸಂಖ್ಯೆ ಕೊಟ್ಟೇ ಕೊಡುತ್ತದೆ.

ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಸೈಲ್ಯಾಬ್ ಕೂಡ ಉಚಿತ. ಐಐಟಿ ಬಾಂಬೆಯ ಫಾಸಿ ಅನ್ನುವ, ಉಚಿತ ಸಾಫ್ಟ್‌ವೇರ್ ಹರಡುವ ಯೋಜನೆಯವರು ಅದನ್ನು ನಮ್ಮ ದೇಶದ ಕಾಲೇಜುಗಳಿಗೆ ತಲುಪಿಸಲು ತುಂಬಾ ಕೆಲಸ ಮಾಡಿದ್ದಾರೆ. ಆದರೆ ಅದರ ಭಾಷೆ ಸ್ವಲ್ಪ ಬೇರೆ. ಮುಂದೆ ಮ್ಯಾಟ್‌ಲ್ಯಾಬ್‌ಗೆ ಹೋಗುವ ಯೋಚನೆಯಿದ್ದರೆ ಆಕ್ಟೇವ್ ಹತ್ತಿರದ ದಾರಿ.

ಸೈನ್ 30 ಕೇಳಿದರೆ ಮೈನಸ್ 0.988 ಅಂತ ಬರ್ತಿದೆ. ಸಾಫ್ಟ್‌ವೇರ್ ಕೆಟ್ಟಿದೆಯಾ?

ಇಲ್ಲ. ನೀವು ಕೊಟ್ಟ 30 ಅನ್ನು ಅದು ರೇಡಿಯನ್ ಅಂದುಕೊಂಡಿದೆ. ಡಿಗ್ರಿ ಬೇಕಿದ್ದರೆ ಸೈಂಡ್ ಅನ್ನುವ ಇನ್ನೊಂದು ಫಂಕ್ಷನ್ ಇದೆ, ಸೈನ್ ಹೆಸರಿನ ಕೊನೆಗೆ ಒಂದು ಡಿ ಸೇರಿಸಿ, 0.5 ಬರುತ್ತದೆ. ಹಾಗೇ ಲಾಗ್ ಅಂದರೆ ಇಲ್ಲಿ ನ್ಯಾಚುರಲ್ ಲಾಗ್. 100ರ ಲಾಗ್ 4.6052 ಬಂತು ಅಂತ ಗಾಬರಿಯಾಗಬೇಡಿ, 2 ಬೇಕಿದ್ದರೆ ಲಾಗ್10 ಬಳಸಿ.

ಎರಡು ಸಾಲು ಸಂಖ್ಯೆ ಗುಣಿಸಿದರೆ 'ನಾನ್‌ಕನ್ಫಾರ್ಮಂಟ್' ಅಂತ ಬೈಯುತ್ತೆ, ಯಾಕೆ?

ಬರೀ ನಕ್ಷತ್ರದ ಗುರುತು ಅಂದರೆ ಮ್ಯಾಟ್ರಿಕ್ಸ್ ಗುಣಾಕಾರ. [1 2 3] * [4 5 6] ಅಂದರೆ 1×3 ಅನ್ನು 1×3ರಿಂದ ಗುಣಿಸು ಅಂತ. ಅದು ಆಗುವುದಿಲ್ಲ, ಅಲ್ವಾ? ಒಂದೊಂದನ್ನು ಅದರ ಜೋಡಿಯ ಜೊತೆ ಗುಣಿಸಬೇಕಿದ್ದರೆ ಮುಂದೊಂದು ಚುಕ್ಕಿ ಇಡಿ: [1 2 3] .* [4 5 6] ಕೊಟ್ಟರೆ 4 10 18 ಬರುತ್ತದೆ. ಎರಡನೆಯದನ್ನು ಕಂಬವಾಗಿ ಬರೆದು [1 2 3] * [4; 5; 6] ಅಂದರೆ 32.

ಭಾಗಾಕಾರ, ಘಾತ ಎರಡಕ್ಕೂ ಇದೇ ನಿಯಮ. ಎರರ್ ಬಂದರೆ ಪುಣ್ಯ ಅನ್ನಿ. ಚೌಕದ ಮ್ಯಾಟ್ರಿಕ್ಸ್‌ಗಳಲ್ಲಿ ಚುಕ್ಕಿ ಮರೆತರೆ ಎರರ್ ಬರುವುದೇ ಇಲ್ಲ, ಸುಮ್ನೆ ತಪ್ಪು ಉತ್ತರ ಬಂದು ಕೂರುತ್ತದೆ.

ಫಂಕ್ಷನ್ ಬರೆದು ಸೇವ್ ಮಾಡಿದೀನಿ. ಆದರೂ 'ಅನ್‌ಡಿಫೈನ್ಡ್' ಅಂತಿದೆ!

ಎರಡು ನೋಡಿ. ಫೈಲಿನ ಹೆಸರು ಮತ್ತು ಫಂಕ್ಷನ್ನಿನ ಹೆಸರು ಒಂದೇ ಇದೆಯಾ, ಆ ಫೈಲ್ ಇರುವ ಫೋಲ್ಡರ್‌ನಲ್ಲೇ ನೀವಿದ್ದೀರಾ. ಹತ್ತರಲ್ಲಿ ಒಂಬತ್ತು ಸಲ ಎರಡನೆಯದೇ ಕಾರಣ. ಒಂದೇ ಫೈಲಿನಲ್ಲಿ ಫಂಕ್ಷನ್ನೂ ಇರಲಿ, ಅದನ್ನು ಕರೆಯುವ ಸಾಲುಗಳೂ ಇರಲಿ ಅಂತಿದ್ದರೆ ಫೈಲಿನ ಮೊದಲ ಸಾಲಿನಲ್ಲಿ 1; ಅಂತ ಬರೆಯಿರಿ. ಆ ಸಾಲು ಲೆಕ್ಕ ಏನೂ ಮಾಡುವುದಿಲ್ಲ, ಇದು ಬರೀ ಫಂಕ್ಷನ್ ಫೈಲ್ ಅಲ್ಲ, ಸ್ಕ್ರಿಪ್ಟ್ ಅಂತ ಆಕ್ಟೇವ್‌ಗೆ ತಿಳಿಸುತ್ತದೆ ಅಷ್ಟೇ.

ನಿನ್ನೆ ಸರಿಯಾಗಿದ್ದ ಸಮ್ ಇವತ್ತು ಏನೇನೋ ಉತ್ತರ ಕೊಡ್ತಿದೆ. ಏನಾಯ್ತು?

ಎಲ್ಲೋ ಒಂದು ಕಡೆ ಸಮ್ ಅನ್ನುವ ಹೆಸರಲ್ಲೇ ವೇರಿಯಬಲ್ ಮಾಡಿದ್ದೀರಿ. ಮೊತ್ತವನ್ನು ಸಮ್ ಅಂತಲೇ ಕರೆಯುವುದು ಎಲ್ಲರಿಗೂ ಅಭ್ಯಾಸ. ಅದಕ್ಕೆ 5 ಅಂತ ಬೆಲೆ ಕೊಟ್ಟ ಮೇಲೆ ಸಮ್([1 2 3]) ಅಂದರೆ ಆಕ್ಟೇವ್ ಕೂಡುವುದಿಲ್ಲ, ಆ ವೇರಿಯಬಲ್‌ನ 1, 2, 3ನೇ ಜಾಗಗಳನ್ನು ಹುಡುಕುತ್ತದೆ. ಇರುವುದು ಒಂದೇ ಜಾಗ, ಹಾಗಾಗಿ 'ಔಟ್ ಆಫ್ ಬೌಂಡ್' ಎರರ್. ಇನ್ನೂ ಕೆಟ್ಟದ್ದೆಂದರೆ ಸಮ್([1 1 1]). ಎರರ್ ಇಲ್ಲದೆ 5 5 5 ಅಂತ ಕೊಡುತ್ತದೆ! ಕ್ಲಿಯರ್ ಸಮ್ ಅಂದರೆ ಫಂಕ್ಷನ್ ವಾಪಸ್ ಬರುತ್ತದೆ. ಮ್ಯಾಕ್ಸ್, ಮೀನ್, ಲೆಂಗ್ತ್, ಇವೆಲ್ಲ ಇದೇ ಜಾತಿಯ ಗುಂಡಿಗಳು.

ಫಂಕ್ಷನ್ ಮುಂದೆ ಈ @ ಗುರುತು ಯಾಕೆ ಹಾಕ್ತಾರೆ?

ಫಂಕ್ಷನ್ನಿನ ಉತ್ತರ ಬೇಡ, ಫಂಕ್ಷನ್ನೇ ಬೇಕು ಅನ್ನುವಾಗ. ಬೇರು (ಫಂಕ್ಷನ್ ಸೊನ್ನೆಯಾಗುವ ಜಾಗ) ಹುಡುಕುವ ಫಂಕ್ಷನ್‌ಗೆ ನಿಮ್ಮ ಸಮೀಕರಣವನ್ನೇ ಕೈಗೆ ಕೊಡಬೇಕು, ಅದು ತನಗೆ ಬೇಕಾದ ಕಡೆಯೆಲ್ಲ ಬೆಲೆ ಹಾಕಿ ನೋಡಿಕೊಳ್ಳುತ್ತದೆ. ಹಾಗೆ ಕೈಗೆ ಕೊಡುವುದಕ್ಕೆ ಈ ಗುರುತು, ಇದನ್ನು ಫಂಕ್ಷನ್ ಹ್ಯಾಂಡಲ್ ಅನ್ನುತ್ತಾರೆ.

ಒಂದು ಸೂಕ್ಷ್ಮ ಇದೆ. ಎ ಬೆಲೆ 2 ಇದ್ದಾಗ 'ಎಕ್ಸ್ ಕೊಟ್ಟರೆ ಎ ಪಟ್ಟು ಮಾಡು' ಅಂತ ಒಂದು ಹ್ಯಾಂಡಲ್ ಮಾಡಿದಿರಿ ಅನ್ನಿ. ಆಮೇಲೆ ಎ ಅನ್ನು 5ಕ್ಕೆ ಬದಲಿಸಿ ಅದಕ್ಕೆ 3 ಕೊಟ್ಟರೆ ಬರುವುದು 15 ಅಲ್ಲ, 6. ಹ್ಯಾಂಡಲ್ ಹುಟ್ಟಿದಾಗ ಎ ಎಷ್ಟಿತ್ತೋ ಅದನ್ನೇ ಅದು ಗಂಟು ಹಾಕಿ ಇಟ್ಟುಕೊಂಡಿರುತ್ತದೆ. ಲೂಪಿನಲ್ಲಿ ಎ ಬದಲಾಯಿಸುತ್ತಾ ಹೋಗುವವರು ಹ್ಯಾಂಡಲನ್ನೂ ಲೂಪಿನ ಒಳಗೇ ಮಾಡಬೇಕು.

## ಸಂಖ್ಯೆಗಳ ಒಳಗುಟ್ಟು

0.1 + 0.2 == 0.3 ಅಂದರೆ 0, ಅಂದ್ರೆ ಸುಳ್ಳು ಅಂತಿದೆ. ಇಷ್ಟೂ ಬರಲ್ವಾ ಇದಕ್ಕೆ?

ಕಂಪ್ಯೂಟರ್ ಸಂಖ್ಯೆಗಳನ್ನು ಎರಡರ ಲೆಕ್ಕದಲ್ಲಿ ಇಡುತ್ತದೆ. ನಮ್ಮ ಹತ್ತರ ಲೆಕ್ಕದಲ್ಲಿ 1/3 ಹೇಗೆ 0.333... ಅಂತ ಮುಗಿಯದೆ ಹೋಗುತ್ತದೋ, ಎರಡರ ಲೆಕ್ಕದಲ್ಲಿ 1/10 ಹಾಗೇ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಡಬಲ್ ಅನ್ನುವ ಸಂಖ್ಯೆಯಲ್ಲಿ 53 ಬಿಟ್ ಆದ ಮೇಲೆ ಕತ್ತರಿ ಬೀಳುತ್ತದೆ. ಮೊತ್ತದಿಂದ 0.3 ಕಳೆದು ನೋಡಿ, 5.5511 × 10⁻¹⁷ ಉಳಿದಿರುತ್ತದೆ.

ಇಷ್ಟು ಸಣ್ಣದಕ್ಕೆ ಏನು ಅಂತ ಕೇಳುವವರಿಗೆ ಒಂದು ನಡೆದ ಕಥೆ. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ಹೊತ್ತು, ಸೌದಿ ಅರೇಬಿಯಾದ ದಹ್ರಾನ್‌ನಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಿಂದ ಬಂದ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಅಮೆರಿಕನ್ ಸೈನಿಕರು ಸತ್ತರು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು, ಆ 0.1 ಅನ್ನು 24 ಬಿಟ್‌ನಲ್ಲಿ ಕತ್ತರಿಸಿ ಇಟ್ಟಿದ್ದರು. ಸುಮಾರು 100 ಗಂಟೆ ಬಿಡದೆ ಓಡಿದ ಮೇಲೆ ಆ ಚೂರುಗಳೆಲ್ಲ ಸೇರಿ 0.34 ಸೆಕೆಂಡ್ ಆಗಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಗಿರುತ್ತದೆ.

ನಿಮ್ಮ ಪ್ರೋಗ್ರಾಮಿನಲ್ಲಿ ದಶಮಾಂಶಗಳನ್ನು == ಹಾಕಿ ಹೋಲಿಸಬೇಡಿ. ವ್ಯತ್ಯಾಸದ ಆಬ್ಸ್ (ಚಿಹ್ನೆ ಬಿಟ್ಟ ಬೆಲೆ) ತೆಗೆದು, ಅದು 10⁻¹² ತರಹದ ಒಂದು ಮಿತಿಗಿಂತ ಕಡಿಮೆಯಿದೆಯಾ ನೋಡಿ. ಸಂಖ್ಯೆಗಳು ಕೋಟಿಗಟ್ಟಲೆ ಇದ್ದರೆ ಮಿತಿಯನ್ನೂ ಅದಕ್ಕೆ ತಕ್ಕ ಹಾಗೆ ದೊಡ್ಡದು ಮಾಡಿ.

ಫಾರ್ಮ್ಯಾಟ್ ಲಾಂಗ್ ಹಾಕಿದರೆ ಉತ್ತರ ಜಾಸ್ತಿ ನಿಖರ ಆಗುತ್ತಾ?

ಆಗುವುದಿಲ್ಲ. ಅದು ತೋರಿಸುವ ಅಂಕಿಗಳನ್ನು ಮಾತ್ರ ಹೆಚ್ಚಿಸುತ್ತದೆ, ಒಳಗಿನ ಲೆಕ್ಕ ಯಾವಾಗಲೂ ಹದಿನೈದು ಹದಿನಾರು ಅಂಕಿಯದೇ. ಪೂರ್ಣಾಂಕಕ್ಕೂ ಮಿತಿ ಇದೆ: 2⁵³ ಅಂದರೆ 9007199254740992. ಅದಕ್ಕೆ 1 ಕೂಡಿಸಿ ನೋಡಿ, ಇದ್ದಲ್ಲೇ ಇರುತ್ತದೆ. 170ರ ಫ್ಯಾಕ್ಟೋರಿಯಲ್ ಬರುತ್ತದೆ, 171 ಕೇಳಿದರೆ ಅನಂತ ಅಂತ ಕೈ ಎತ್ತುತ್ತದೆ. ದೊಡ್ಡ ಫ್ಯಾಕ್ಟೋರಿಯಲ್‌ಗಳ ಭಾಗಾಕಾರ ಬೇಕಿದ್ದರೆ ಗ್ಯಾಮಾಎಲ್‌ಎನ್ ಬಳಸಿ ಲಾಗ್‌ನಲ್ಲೇ ಕಳೆದು, ಕೊನೆಗೆ ಎಕ್ಸ್‌ಪ್ ಮಾಡಿ.

ಹೈಸ್ಕೂಲ್ ಸೂತ್ರದಲ್ಲೇ ವರ್ಗ ಸಮೀಕರಣ ಬಿಡಿಸಿದೆ. ಒಂದು ಬೇರು ಸರಿ, ಇನ್ನೊಂದು ತಪ್ಪು. ಸೂತ್ರನೇ ತಪ್ಪಾ?

ಸೂತ್ರ ಸರಿ, ಕಳೆಯುವ ಜಾಗ ಅಪಾಯದ್ದು. ಎಕ್ಸ್² − 10⁸ ಎಕ್ಸ್ + 1 = 0 ತೆಗೆದುಕೊಳ್ಳಿ. ಬೇರುಗಳು ಹೆಚ್ಚುಕಡಿಮೆ 10⁸ ಮತ್ತು 10⁻⁸. ಸೂತ್ರ ಹಾಕಿದರೆ ದೊಡ್ಡದು ಸರಿಯಾಗಿ ಬರುತ್ತದೆ, ಸಣ್ಣದು ಮಾತ್ರ 7.4506 × 10⁻⁹ ಅಂತ ಬರುತ್ತದೆ. ನೂರಕ್ಕೆ 25ರಷ್ಟು ತಪ್ಪು! ವರ್ಗಮೂಲವೂ ಸುಮಾರು 10⁸, ಕಳೆಯುವುದೂ 10⁸ರಿಂದ. ಮುಂದಿನ ಅಂಕಿಗಳೆಲ್ಲ ಹೊಡೆದುಹೋಗಿ, ಕೊನೆಯಲ್ಲಿ ಕತ್ತರಿಸಿ ಉಳಿದ ಚೂರೇ ಉತ್ತರವಾಗಿ ಕೂತಿದೆ.

ದಾರಿ ಸುಲಭ. ಎರಡು ಬೇರುಗಳ ಗುಣಲಬ್ಧ ಇಲ್ಲಿ 1. ದೊಡ್ಡ ಬೇರನ್ನು ಸೂತ್ರದಲ್ಲಿ ತೆಗೆಯಿರಿ, 1 ಅನ್ನು ಅದರಿಂದ ಭಾಗಿಸಿ ಸಣ್ಣದನ್ನು ತೆಗೆಯಿರಿ. ಕಳೆಯುವ ಗೋಜೇ ಇಲ್ಲ.

## ಬೇರು, ವಿಸ್ತೀರ್ಣ, ಇಳಿಜಾರು

ಬೈಸೆಕ್ಷನ್, ನ್ಯೂಟನ್-ರಾಫ್ಸನ್ ಎರಡೂ ಪರೀಕ್ಷೆಗೆ ಓದಿದೀವಿ. ಎಫ್‌ಜೀರೋ ಒಳಗೆ ಯಾವುದು ಇರೋದು?

ಎರಡೂ ಅಲ್ಲ. ಬೇರು ಹುಡುಕುವ ಆ ಕಮಾಂಡ್ ಒಳಗಿರುವುದು ಎರಡರ ಗುಣವನ್ನೂ ಕಲಸಿದ ವಿಧಾನ. ಅಂತರವನ್ನು ಅರ್ಧ ಅರ್ಧ ಮಾಡುತ್ತಾ ಹೋಗುವ ಬೈಸೆಕ್ಷನ್ ನಂಬಿಕಸ್ಥ, ಆದರೆ ನಿಧಾನ. 1 ಮತ್ತು 2ರ ನಡುವೆ 2ರ ವರ್ಗಮೂಲವನ್ನು 10⁻¹⁰ರೊಳಗೆ ಹಿಡಿಯಲು 34 ಸಲ ಅರ್ಧ ಮಾಡಬೇಕು. ಇಳಿಜಾರು ಹಿಡಿದು ಹೆಜ್ಜೆ ಹಾಕುವ ನ್ಯೂಟನ್ ವಿಧಾನ 1ರಿಂದ ಹೊರಟರೆ 1.5, 1.4166667, 1.4142157, ನಾಲ್ಕನೇ ಹೆಜ್ಜೆಗೆ 1.41421356237 ಅಂತ ಹನ್ನೊಂದು ದಶಮಾಂಶ ಸರಿ. ಆದರೆ ಅದಕ್ಕೆ ಡಿರೈವೇಟಿವ್ ಬೇಕು, ಹೊರಡುವ ಜಾಗವೂ ಒಳ್ಳೆಯದಿರಬೇಕು. ಎಕ್ಸ್³ − 2ಎಕ್ಸ್ + 2 ತೆಗೆದುಕೊಂಡು 0ಯಿಂದ ಶುರು ಮಾಡಿ ನೋಡಿ: 1ಕ್ಕೆ ಹೋಗುತ್ತದೆ, ಮತ್ತೆ 0ಗೆ ಬರುತ್ತದೆ, ಮತ್ತೆ 1. ಬೆಳಗಾಗುವವರೆಗೂ ಅಷ್ಟೇ. ಅದಕ್ಕೇ ನೀವೇ ಬರೆಯುವ ನ್ಯೂಟನ್ ಲೂಪಿಗೆ ಗರಿಷ್ಠ ಹೆಜ್ಜೆ ಇಷ್ಟು ಅಂತ ಮಿತಿ ಹಾಕಲೇಬೇಕು.

ಎಫ್‌ಜೀರೋಗೆ ಎರಡು ತುದಿ ಕೊಡುತ್ತೀರಿ, ತುದಿಗಳಲ್ಲಿ ಚಿಹ್ನೆ ಬೇರೆ ಬೇರೆ ಇರಬೇಕು. ಆ ಬೇಲಿಯನ್ನು ಬಿಡದೆ ಒಳಗೊಳಗೇ ವೇಗದ ಹೆಜ್ಜೆ ಹಾಕುತ್ತದೆ, ಹೆಜ್ಜೆ ಕೆಟ್ಟರೆ ಬೇಲಿಯನ್ನು ಕಿರಿದು ಮಾಡುವ ಕೆಲಸಕ್ಕೆ ಮರಳುತ್ತದೆ. ಎರಡು ಕಡೆ ಹುಷಾರಾಗಿರಿ. ಎಕ್ಸ್² − 2ಎಕ್ಸ್ + 1 ತರಹ ಗೆರೆಯನ್ನು ಮುಟ್ಟಿ ಹಿಂದೆ ಹೋಗುವ ಫಂಕ್ಷನ್‌ನಲ್ಲಿ ಚಿಹ್ನೆ ಬದಲಾಗುವುದೇ ಇಲ್ಲ, ಹಾಗಾಗಿ ಬೇಲಿಯೂ ಸಿಗುವುದಿಲ್ಲ. ಇನ್ನೊಂದು, ಟ್ಯಾನ್‌ಗೆ 1 ಮತ್ತು 2 ಕೊಟ್ಟರೆ 1.5708 ಅನ್ನುತ್ತದೆ. ಅದು ಬೇರಲ್ಲ, ಟ್ಯಾನ್ ಅಲ್ಲಿ ಆಕಾಶಕ್ಕೆ ಹೋಗಿ ಪಾತಾಳದಿಂದ ಬರುತ್ತದೆ. ಚಿಹ್ನೆ ಬದಲಾಯಿತು, ಅಷ್ಟೇ. ಮೂರನೇ ಔಟ್‌ಪುಟ್ ಕೇಳಿ ಪಡೆಯಿರಿ: 1 ಬಂದರೆ ಸರಿ, −5 ಬಂದರೆ ಇಂಥ ಜಾಗಕ್ಕೆ ಹೋಗಿ ಬಿದ್ದಿರಬಹುದು ಅಂತ ಅದೇ ಒಪ್ಪಿಕೊಳ್ಳುತ್ತದೆ. ಆ ಔಟ್‌ಪುಟ್ ಕೇಳುವವರೇ ಕಡಿಮೆ.

ರೂಟ್ಸ್ ಕೊಟ್ಟ ಉತ್ತರದಲ್ಲಿ ಐ ಬಂದಿದೆ. ನನ್ನ ಪಾಲಿನಾಮಿಯಲ್‌ಗೆ ಎಲ್ಲ ಬೇರೂ 1 ಅಲ್ವಾ?

[1 -3 3 -1] ಕೊಟ್ಟಿರಬೇಕು. ಮೂರು ಬೇರು ಒಂದೇ ಜಾಗದಲ್ಲಿ ಕೂತರೆ ಹೀಗೇ. ಒಳಗೆ 10⁻¹⁶ರಷ್ಟು ಅಲುಗಾಡಿದರೆ ಬೇರು ಅದರ ಘನಮೂಲದಷ್ಟು, ಅಂದರೆ ಐದಾರನೇ ದಶಮಾಂಶದಲ್ಲೇ, ಅಲುಗಾಡುತ್ತದೆ. ಎರಡು ಬೇರು ಕಾಂಪ್ಲೆಕ್ಸ್ ಕಡೆಗೆ ಸರಿದಿವೆ. ಬೇರುಗಳು ಬೇರೆ ಬೇರೆ ಇದ್ದರೂ ಕಷ್ಟ ಬರಬಹುದು. 1ರಿಂದ 20ರವರೆಗಿನ ಪೂರ್ಣಾಂಕಗಳೇ ಬೇರುಗಳಾಗಿರುವ ಪಾಲಿನಾಮಿಯಲ್ ಒಂದನ್ನು ಗಣಿತಜ್ಞ ಜೇಮ್ಸ್ ವಿಲ್ಕಿನ್ಸನ್ ತೋರಿಸಿದ್ದರು. ಎಕ್ಸ್¹⁹ರ ಸಹಗುಣಕ −210 ಅನ್ನು ಬರೀ 2⁻²³ರಷ್ಟು ಬದಲಿಸಿದರೆ ಹತ್ತು ಬೇರುಗಳು ಕಾಂಪ್ಲೆಕ್ಸ್ ಆಗಿಬಿಡುತ್ತವೆ.

ಟ್ರ್ಯಾಪ್‌ಜೆಡ್ ಬಳಸಬೇಕಾ ಇಂಟಿಗ್ರಲ್ ಬಳಸಬೇಕಾ?

ಎರಡೂ ಗೆರೆಯ ಕೆಳಗಿನ ವಿಸ್ತೀರ್ಣ ಕೊಡುತ್ತವೆ. ನಿಮ್ಮ ಕೈಯಲ್ಲಿ ಸೂತ್ರ ಇದೆಯಾ, ಪಟ್ಟಿ ಇದೆಯಾ ನೋಡಿ. ಅಳತೆಯ ಪಟ್ಟಿ ಇದ್ದರೆ ಟ್ರ್ಯಾಪ್‌ಜೆಡ್. ಸೂತ್ರ ಇದ್ದರೆ ಇಂಟಿಗ್ರಲ್, ಎಲ್ಲೆಲ್ಲಿ ಬೆಲೆ ಬೇಕೋ ಅದೇ ಕೇಳಿಕೊಳ್ಳುತ್ತದೆ.

ಪಟ್ಟಿಗೆ ನಮ್ಮ ಪೇಪರಿನಲ್ಲಿ ಮಳೆಗಾಲದಲ್ಲಿ ದಿನಾ ಬರುವ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅಣೆಕಟ್ಟೆಯ ಒಳಹರಿವು ಕ್ಯೂಸೆಕ್‌ನಲ್ಲಿ (ಸೆಕೆಂಡಿಗೆ ಇಷ್ಟು ಘನ ಅಡಿ ಅಂತ), ಸಂಗ್ರಹ ಟಿಎಂಸಿಯಲ್ಲಿ. ಸುಮ್ನೆ ಉದಾಹರಣೆಗೆ, 0, 6, 12, 18, 24 ಗಂಟೆಗೆ ಒಳಹರಿವು 10000, 14000, 20000, 16000, 12000 ಕ್ಯೂಸೆಕ್ ಅನ್ನಿ. ಗಂಟೆಗಳನ್ನು ಮೊದಲು, ಒಳಹರಿವನ್ನು ಆಮೇಲೆ ಟ್ರ್ಯಾಪ್‌ಜೆಡ್‌ಗೆ ಕೊಟ್ಟರೆ 366000 ಬರುತ್ತದೆ. ಗಂಟೆಗೆ 3600 ಸೆಕೆಂಡ್, ಗುಣಿಸಿದರೆ 131.76 ಕೋಟಿ ಘನ ಅಡಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಹಾಗಾಗಿ ಆ ದಿನ 1.3176 ಟಿಎಂಸಿ ಬಂತು. ಸಿಂಪ್ಸನ್ 1/3 ನಿಯಮದಲ್ಲಿ ಕೈಯಲ್ಲೇ ಮಾಡಿದರೆ 1.3104. ಎರಡರ ವ್ಯತ್ಯಾಸ ನೋಡಿದರೆ ಎಷ್ಟನೇ ಅಂಕಿಯವರೆಗೆ ನಂಬಬಹುದು ಅಂತ ಅಂದಾಜು ಸಿಗುತ್ತದೆ. ಗಂಟೆಗಳನ್ನು ಕೊಡದೆ ಬರೀ ಒಳಹರಿವು ಕೊಟ್ಟರೆ ಅಂತರ 1 ಅಂದುಕೊಂಡು 61000 ಅನ್ನುತ್ತದೆ. ಈ ತಪ್ಪು ಲ್ಯಾಬ್ ರೆಕಾರ್ಡ್‌ಗಳಲ್ಲಿ ತುಂಬಾ ಸಾಮಾನ್ಯ.

ಇಂಟಿಗ್ರಲ್‌ಗೆ ಕೊಡುವ ಫಂಕ್ಷನ್‌ನಲ್ಲಿ ಚುಕ್ಕಿ ಹಾಕಿದ ಘಾತ, ಗುಣಾಕಾರ ಇರಲಿ, ಯಾಕೆಂದರೆ ಅದು ಬಿಂದುಗಳನ್ನು ಗುಂಪಾಗಿ ಕಳಿಸುತ್ತದೆ. ಹಳೆಯ ಕ್ವಾಡ್ ಒಂದೊಂದೇ ಕಳಿಸುವುದರಿಂದ ಅಲ್ಲಿ ಚುಕ್ಕಿ ಮರೆತರೂ ನಡೆಯುತ್ತದೆ. ಮತ್ತೆ, ಉದ್ದನೆಯ ಅಂತರದಲ್ಲಿ ಎಲ್ಲೋ ಒಂದು ಕಡೆ ಮಾತ್ರ ಸೂಜಿಯ ಹಾಗೆ ಎದ್ದಿರುವ ಫಂಕ್ಷನ್ ಇದ್ದರೆ, ಬಿಂದುಗಳು ಸೂಜಿಯ ಅಕ್ಕಪಕ್ಕ ಬಿದ್ದು ಉತ್ತರ ಸೊನ್ನೆ ಬರಬಹುದು. ಮೊದಲು ಗ್ರಾಫ್ ಬಿಡಿಸಿ, ಸೂಜಿ ಇರುವ ಕಡೆ ತುಂಡು ಮಾಡಿ.

ಡಿರೈವೇಟಿವ್‌ಗೆ ಹೆಚ್ ಎಷ್ಟು ಸಣ್ಣದಾದರೆ ಅಷ್ಟು ಒಳ್ಳೆಯದಲ್ವಾ?

ಪುಸ್ತಕದಲ್ಲಿ ಹೌದು, ಮೆಷಿನ್‌ನಲ್ಲಿ ಅಲ್ಲ. ಸೈನ್‌ನ ಇಳಿಜಾರು 1ರಲ್ಲಿ 0.540302. ಮುಂದಿಡುವ ಹೆಜ್ಜೆ ಹೆಚ್ 10⁻⁸ ಇಟ್ಟರೆ ಏಳೆಂಟು ಅಂಕಿ ಸರಿ ಬರುತ್ತದೆ. 10⁻¹⁶ ಇಟ್ಟರೆ ಉತ್ತರ 0. ಯಾಕೆಂದರೆ 1 + 10⁻¹⁶ ಅನ್ನುವುದು ಮೆಷಿನ್‌ಗೆ 1 ಮಾತ್ರ, ಸೂತ್ರದ ಮೇಲಿನ ಭಾಗದಲ್ಲಿ ಕಳೆದರೆ ಏನೂ ಉಳಿಯುವುದಿಲ್ಲ. ಎರಡೂ ಕಡೆ ಹೆಜ್ಜೆ ಇಡುವ ಸೆಂಟ್ರಲ್ ಡಿಫರೆನ್ಸ್ ಬಳಸಿದರೆ 10⁻⁵ರ ಹತ್ತಿರ ಚೆನ್ನಾಗಿರುತ್ತದೆ.

ಪೈ ಸರಣಿಯ 1000 ಪದ ಕೂಡಿಸಿದೆ, 3.1406 ಬಂತು. ಇಷ್ಟು ನಿಧಾನನಾ?

1 − 1/3 + 1/5 − ... ಅದನ್ನು 4ರಿಂದ ಗುಣಿಸಿದ್ದೀರಿ ತಾನೇ? ಅದು ನಿಧಾನವೇ, 1000 ಪದ ಕೂಡಿಸಿದರೆ ತಪ್ಪು ಸುಮಾರು 1/1000. ಆದರೆ ಕೇರಳದ ಮಾಧವನ ಪರಂಪರೆಯ ಗಣಿತಜ್ಞರು ಈ ಸರಣಿಯ ಜೊತೆಗೇ ಕೊನೆಗೆ ಸೇರಿಸುವ ತಿದ್ದುಪಡಿ ಪದವನ್ನೂ ಕೊಟ್ಟಿದ್ದರು. ಎನ್ ಪದ ಆದ ಮೇಲೆ ಎನ್/(4ಎನ್² + 1) ಅನ್ನು ಮುಂದಿನ ಪದದ ಚಿಹ್ನೆಯ ಜೊತೆ ಸೇರಿಸಿ ಅಂತ. ಮಾಡಿ ನೋಡಿ. 1000 ಪದಕ್ಕೆ ಬರುವುದು 3.140592653839793. 4 × 1000/4000001, ಅಂದರೆ 0.00099999975 ಸೇರಿಸಿದರೆ 3.141592653589793. ಡಬಲ್ ಹಿಡಿಯಬಲ್ಲ ಅಂಕಿಗಳು ಹೆಚ್ಚುಕಡಿಮೆ ಮುಗಿದವು! ಲೂಪನ್ನು ಕೋಟಿ ಸಲ ಓಡಿಸುವುದಕ್ಕಿಂತ ಬಾಲವನ್ನು ಅಂದಾಜು ಮಾಡುವುದು ಎಷ್ಟು ಲಾಭ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

## ಸ್ವಲ್ಪ ಆಳಕ್ಕೆ

ಇನ್ವರ್ಸ್ ತೆಗೆದು ಗುಣಿಸೋದು, ಹಿಂದಕ್ಕೆ ವಾಲಿದ ಗೆರೆ \ ಹಾಕೋದು, ಎರಡೂ ಒಂದೇ ಅಲ್ವಾ?

ಕಾಗದದ ಮೇಲೆ ಒಂದೇ. [4 -2; 1 1] \ [6; 9] ಅಂದರೆ 4 ಮತ್ತು 5 ಬರುತ್ತದೆ, ಇನ್ವರ್ಸ್‌ನಲ್ಲೂ ಅದೇ. ಆದರೆ ದೊಡ್ಡ ಮ್ಯಾಟ್ರಿಕ್ಸ್‌ಗೆ ಇನ್ವರ್ಸ್ ತೆಗೆಯುವುದು ಗೆರೆಯ ದಾರಿಗಿಂತ ಸುಮಾರು ಮೂರು ಪಟ್ಟು ಕೆಲಸ, ನಿಖರತೆಯೂ ಸಾಮಾನ್ಯವಾಗಿ ಕಡಿಮೆ. ಗೆರೆ ಒಳಗೊಳಗೇ ಮ್ಯಾಟ್ರಿಕ್ಸ್ ಎಂಥದ್ದು ಅಂತ ನೋಡಿ ವಿಧಾನ ಆರಿಸುತ್ತದೆ. ಅಪರಿಚಿತಗಳಿಗಿಂತ ಸಮೀಕರಣ ಜಾಸ್ತಿ ಇದ್ದರೆ ಲೀಸ್ಟ್ ಸ್ಕ್ವೇರ್ಸ್ ಉತ್ತರ ಕೊಡುತ್ತದೆ, ಹೇಳದೆ ಕೇಳದೆ.

ನಂಬಬಹುದಾ ಅಂತ ತಿಳಿಯಲು ಡಿಟರ್ಮಿನೆಂಟ್ ನೋಡಬೇಡಿ. 20×20 ಐಡೆಂಟಿಟಿಯನ್ನು 0.1ರಿಂದ ಗುಣಿಸಿದರೆ ಡಿಟರ್ಮಿನೆಂಟ್ 10⁻²⁰, ಆದರೂ ಅದರಷ್ಟು ಒಳ್ಳೆಯ ಮ್ಯಾಟ್ರಿಕ್ಸ್ ಇಲ್ಲ. ನೋಡಬೇಕಾದ್ದು ಕಾಂಡ್, ಅಂದರೆ ಕೊಟ್ಟ ಅಂಕಿಯ ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ಬೆಳೆಯಬಹುದು ಅನ್ನುವ ಅಳತೆ. 10×10 ಹಿಲ್ಬರ್ಟ್ ಮ್ಯಾಟ್ರಿಕ್ಸ್‌ನ ಕಾಂಡ್ ಸುಮಾರು 1.6 × 10¹³. ಹದಿನಾರು ಅಂಕಿಯಲ್ಲಿ ಹದಿಮೂರು ಹೋದವು, ಉಳಿದದ್ದು ಮೂರು. 'ಸಿಂಗ್ಯುಲರ್ ಟು ಮೆಷಿನ್ ಪ್ರಿಸಿಷನ್' ಅಂತ ಎಚ್ಚರಿಕೆ ಬಂದರೆ ಆ ಮೂರೂ ಇಲ್ಲ ಅಂತ ಅರ್ಥ.

ಸೆನ್ಸಸ್ ಅಂಕಿಗೆ ಪಾಲಿಫಿಟ್‌ನಲ್ಲಿ ಡಿಗ್ರಿ 6 ಹಾಕಿದೆ, ಎಲ್ಲ ಬಿಂದುವೂ ಕೂತವು. 2031ಕ್ಕೆ ಬರೆದುಕೊಳ್ಳಲಾ?

ಬೇಡ. ಪಾಲಿಫಿಟ್ ಅಂದರೆ ಬಿಂದುಗಳಿಗೆ ಪಾಲಿನಾಮಿಯಲ್ ಗೆರೆ ಹೊಂದಿಸುವ ಕಮಾಂಡ್. 1951ರಿಂದ 2011ರವರೆಗೆ ಏಳು ಬಿಂದು, ಡಿಗ್ರಿ 6ರ ಗೆರೆ ಏಳರ ಮೇಲೂ ಹಾದುಹೋಗಲೇಬೇಕು. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಬಿಂದುಗಳ ಆಚೆ ಅದು ಎತ್ತ ಬೇಕಾದರೂ ಓಡುತ್ತದೆ. ಒಳಗೂ ನಂಬುವ ಹಾಗಿಲ್ಲ. ಸಮ ಅಂತರದ ಬಿಂದುಗಳಿಗೆ ಡಿಗ್ರಿ ಏರಿಸಿದಷ್ಟೂ ತುದಿಗಳಲ್ಲಿ ಗೆರೆ ಕುಣಿಯುತ್ತದೆ ಅಂತ ಕಾರ್ಲ್ ರುಂಗೆ 1901ರಲ್ಲೇ ತೋರಿಸಿದ್ದ.

ಇನ್ನೊಂದು ತೊಂದರೆ ಇಸವಿಗಳದ್ದು. 2011ರ ಆರನೇ ಘಾತ ಅಂದರೆ 6ರ ಮುಂದೆ 19 ಸೊನ್ನೆಯಷ್ಟು, ಪಾಲಿಫಿಟ್ ಒಳಗೆ ಕಟ್ಟುವ ಮ್ಯಾಟ್ರಿಕ್ಸ್‌ನ ಕೊನೆಯ ಕಂಬದಲ್ಲಿ ಬರೀ 1. ಇಸವಿಯಿಂದ 1981 ಕಳೆದು ಹತ್ತರಿಂದ ಭಾಗಿಸಿ, −3ರಿಂದ 3 ಆಗುತ್ತದೆ, ಕರ್ನಾಟಕದ ಜನಸಂಖ್ಯೆಯಂಥ ಅಂಕಿಗೆ ಡಿಗ್ರಿ 1 ಅಥವಾ 2 ಧಾರಾಳ. ನಡುವಿನ ವರ್ಷ ಬೇಕಿದ್ದರೆ ಇಂಟರ್ಪ್1ನಲ್ಲಿ ಪಿಚಿಪ್ ಆಯ್ಕೆ ಮಾಡಿ, ಅದು ಇಲ್ಲದ ಏರಿಳಿತ ಹುಟ್ಟಿಸುವುದಿಲ್ಲ.

ಒಡಿಇ45 ಶುರು ಮಾಡಿ ಟೀ ಕುಡಿದು ಬಂದೆ, ಇನ್ನೂ ಓಡ್ತಾನೇ ಇದೆ. ಹ್ಯಾಂಗ್ ಆಗಿದೆಯಾ?

ಒಡಿಇ45 ಡಿಫರೆನ್ಷಿಯಲ್ ಸಮೀಕರಣವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಕಮಾಂಡ್. ಬಹುಶಃ ನಿಮ್ಮ ಸಮೀಕರಣ ಸ್ಟಿಫ್, ಅಂದರೆ ಉತ್ತರ ನಿಧಾನವಾಗಿ ಬದಲಾದರೂ ಹೆಜ್ಜೆ ತೀರಾ ಸಣ್ಣದಿರಬೇಕಾದಂಥದ್ದು. ವೈ′ = −1000(ವೈ − ಕಾಸ್ ಟಿ) ನೋಡಿ. ಉತ್ತರ ಕಾಸ್‌ನ ಹಾಗೆ ನೆಮ್ಮದಿಯಾಗಿ ಸಾಗುತ್ತದೆ. ಆದರೆ ಮಾಮೂಲಿ ಆಯ್ಲರ್ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ತಪ್ಪು (1 − 1000ಹೆಚ್) ಪಟ್ಟಾಗುತ್ತದೆ. ಹೆಚ್ 0.003 ಇಟ್ಟರೆ −2 ಪಟ್ಟು, ಹತ್ತು ಹೆಜ್ಜೆಗೆ 1024 ಪಟ್ಟು. 0.002 ದಾಟುವ ಹಾಗೇ ಇಲ್ಲ. ಒಡಿಇ45 ಜಾಣ, ತಪ್ಪು ಬೆಳೆಯುವುದನ್ನು ಕಂಡು ಹೆಜ್ಜೆ ಸಣ್ಣದು ಮಾಡುತ್ತದೆ, ಹಾಗಾಗಿ ಸಿಡಿಯುವ ಬದಲು ತೆವಳುತ್ತದೆ. ಸ್ಟಿಫ್ ಸಮೀಕರಣಗಳಿಗೆಂದೇ ಇರುವ ಒಡಿಇ15ಎಸ್‌ಗೆ ಬದಲಾಯಿಸಿ.

ಆಕ್ಟೇವ್‌ನ ಹಳೆಯ ಎಲ್‌ಎಸ್‌ಒಡಿಇ ಕೂಡ ಸ್ಟಿಫ್ ಸಮೀಕರಣಕ್ಕೆ ಚೆನ್ನಾಗಿದೆ, ಒಂದೇ ಕಿರಿಕಿರಿ: ಒಡಿಇ45ಗೆ ಕೊಡುವ ಫಂಕ್ಷನ್‌ನಲ್ಲಿ ಸಮಯ ಮೊದಲು, ಎಲ್‌ಎಸ್‌ಒಡಿಇಗೆ ಸಮಯ ಕೊನೆಗೆ. ಒಂದೇ ವೇರಿಯಬಲ್ ಇರುವಾಗ ಅದಲುಬದಲಾದರೆ ಎರರ್ ಬರುವುದಿಲ್ಲ, ಬೇರೆಯದೇ ಸಮೀಕರಣ ಬಿಡಿಸಿ ಕೊಡುತ್ತದೆ.

ಬೇಗ ಮುಗಿದರೂ ಒಂದು ಪರೀಕ್ಷೆ ಮಾಡಿ. ರೆಲ್‌ಟಾಲ್ (ತಪ್ಪಿಗೆ ಬಿಡುವ ಮಿತಿ) ತಾನಾಗಿ 10⁻³ ಇರುತ್ತದೆ, ಅಂದರೆ ಹೆಜ್ಜೆಹೆಜ್ಜೆಗೂ ಸಾವಿರಕ್ಕೆ ಒಂದರಷ್ಟು ಸಡಿಲ. ಗ್ರಹದ ಕಕ್ಷೆಯಂಥ ದೀರ್ಘ ಲೆಕ್ಕದಲ್ಲಿ ಕಕ್ಷೆ ಮುಚ್ಚದೆ ಸುರುಳಿಯಾಗುವುದು ಇದರಿಂದಲೇ. 10⁻⁶ ಮಾಡಿ ಮತ್ತೆ ಓಡಿಸಿ, ಎರಡೂ ಗ್ರಾಫ್ ಒಂದರ ಮೇಲೊಂದು ಹಾಕಿ. ಬೇರೆ ಬೇರೆ ಕಂಡರೆ ಮೊದಲಿನದನ್ನು ರಿಪೋರ್ಟಿಗೆ ಹಾಕಬೇಡಿ.

ಫಾರ್ ಲೂಪ್ ತುಂಬಾ ನಿಧಾನ. ಸ್ಪೀಡ್ ಮಾಡೋದು ಹೇಗೆ?

ಮೊದಲು ಟಿಕ್, ಟಾಕ್ ಹಾಕಿ ಯಾವ ಭಾಗ ನಿಧಾನ ಅಂತ ಅಳೆಯಿರಿ. ಲೂಪಿನಲ್ಲಿ ಪಟ್ಟಿಯನ್ನು ಒಂದೊಂದಾಗಿ ಬೆಳೆಸುತ್ತಿದ್ದರೆ ಬೆಳೆಯುವಾಗೆಲ್ಲ ಹಳೆಯದನ್ನು ಹೊಸ ಜಾಗಕ್ಕೆ ನಕಲು ಮಾಡಬೇಕಾಗುತ್ತದೆ, ಮೊದಲೇ ಝೀರೋಸ್ ಬಳಸಿ ಜಾಗ ಮಾಡಿಡಿ. ಆಮೇಲೆ ಲೂಪನ್ನೇ ತೆಗೆಯಲು ಆಗುತ್ತದಾ ನೋಡಿ. ಪೈ ಸರಣಿಗೆ ಲೂಪೇ ಬೇಡ, 0:999 ಅನ್ನುವ ಪಟ್ಟಿ ಮಾಡಿ, ಚುಕ್ಕಿ ಹಾಕಿದ ಘಾತ ಮತ್ತು ಭಾಗಾಕಾರದಿಂದ ಎಲ್ಲ ಪದ ಒಟ್ಟಿಗೆ ತೆಗೆದು ಸಮ್ ಮಾಡಿದರೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆಕ್ಟೇವ್ ಲೂಪಿನ ಪ್ರತಿ ಸಾಲನ್ನೂ ಪ್ರತಿ ಸಲ ಓದಿ ನಡೆಸುವುದರಿಂದ ಈ ವ್ಯತ್ಯಾಸ ಮ್ಯಾಟ್‌ಲ್ಯಾಬ್‌ಗಿಂತ ಇಲ್ಲಿ ಜಾಸ್ತಿ ಕಾಣುತ್ತದೆ.

ಆದರೆ ಅದಕ್ಕೂ ಮಿತಿ ಇದೆ. ಒಂದು ಡಬಲ್‌ಗೆ 8 ಬೈಟ್. ಹತ್ತು ಕೋಟಿ ಪದದ ಪಟ್ಟಿ ಅಂದರೆ 80 ಕೋಟಿ ಬೈಟ್, ಘಾತಕ್ಕೊಂದು, ಭಾಗಾಕಾರಕ್ಕೊಂದು ಅಂತ ನಡುವೆ ಅಂಥದ್ದೇ ಇನ್ನೆರಡು ಮೂರು ಹುಟ್ಟಿಕೊಳ್ಳುತ್ತವೆ. 4 ಜಿಬಿ ಲ್ಯಾಪ್‌ಟಾಪ್ ಅಲ್ಲೇ ನಿಂತುಬಿಡುತ್ತದೆ. ಹತ್ತು ಹತ್ತು ಲಕ್ಷದ ತುಂಡು ಮಾಡಿ, ತುಂಡಿನೊಳಗೆ ಪಟ್ಟಿ, ಹೊರಗೆ ನೂರು ಸುತ್ತಿನ ಲೂಪ್ ಇಟ್ಟರೆ ವೇಗವೂ ಸಿಗುತ್ತದೆ, ಮೆಮೊರಿಯೂ ಉಳಿಯುತ್ತದೆ.